ಸ್ಕೂಟಿ ಹಿಂದೆ ಕೂತು ಹೇಳಿದ್ದು

ಬಾಗಲಕೋಟೆ
ಮಂಗಳವಾರ, 12 ಆಗಸ್ಟ್ 2025, ರಾತ್ರಿ 11.30

ನಾಳೆ ಬೆಳಗ್ಗೆ ತಮ್ಮನ ಮಗ ಪುಟ್ಯಾನನ್ನು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ನವನಗರದ ತಮ್ಮನ ಮನೆಯಿಂದ ನಡೆದು ಹೋದರೂ ಆದೀತು, ಅಷ್ಟು ಹತ್ತಿರ. ಅಷ್ಟು ದೂರ ಹೋಗುವುದಕ್ಕೆ ನಮಗೆ ಐದು ತಿಂಗಳು ಬೇಕಾಯಿತು.

ಅಪ್ಪ ಹೋದದ್ದು ಹೋಳಿಯಲ್ಲಿ. ಹೊರಗೆ ಬಣ್ಣದ ಬಂಡಿ, ಕಿವಿ ಕಿತ್ತುಹೋಗುವಷ್ಟು ಹಲಗಿ ಸಪ್ಪಳ, ಒಳಗೆ ಅಪ್ಪ ಕುರ್ಚಿಯಲ್ಲಿ ಕೂತಲ್ಲೇ ಇದ್ದರು. ನಾನು ವಿದ್ಯಾಗಿರಿಯಿಂದ ಓಡಿ ಬಂದಾಗ ಪುಟ್ಯಾ ಮೈತುಂಬ ಬಣ್ಣ ಮೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. ಸಂಜೆಯವರೆಗೂ ಹಾಗೇ ಇದ್ದ. ಅವನಿಗೆ ಒಂದು ತಂಬಿಗೆ ಬಿಸಿನೀರು ಹಾಕಬೇಕು ಅಂತ ಯಾರಿಗೂ ತೋಚಲಿಲ್ಲ. ನನಗೂ.

ಜೂನ್‌ನಲ್ಲಿ ಸಾಲಿ ಶುರುವಾದಾಗಿನಿಂದ ಹೊಟ್ಟೆನೋವು. ಬೆಳಗ್ಗೆ ಎಂಟಕ್ಕೆ ಬರುತ್ತದೆ, ಹತ್ತೂವರೆಗೆ ಹೋಗುತ್ತದೆ. ರಕ್ತ ಪರೀಕ್ಷೆ ಆಯಿತು, ಸ್ಕ್ಯಾನಿಂಗ್ ಆಯಿತು, ಎಲ್ಲ ನಾರ್ಮಲ್. ಜಂತಿನ ಔಷಧ ಕೊಟ್ಟರು. ಆಮೇಲೆ ದೃಷ್ಟಿ ತೆಗೆದರು, ತಾಯತ ಕಟ್ಟಿಸಿದರು. ತಾಯತ ಕಟ್ಟಿದವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಅವನ ಮೇಲೆ ಜೀವ. ಸಿಟ್ಟು ನನ್ನ ಮೇಲೆ. 19 ವರ್ಷದಿಂದ ಟೀಚರ್ ನಾನು. ನನ್ನ ಕ್ಲಾಸಿನಲ್ಲಿ ಇಂಥ ಎಷ್ಟು ಮಕ್ಕಳಿಗೆ ‘ಸಾಲಿಗೆ ಚಕ್ಕರ್ ಹೊಡೀತಾನ’ ಅಂದು ಹಾಜರಿ ಪುಸ್ತಕದಲ್ಲಿ ಗೆರೆ ಎಳೆದಿದ್ದೇನೋ. ವರ್ಷಕ್ಕೊಮ್ಮೆ ಬಾಲ ಸ್ವಾಸ್ಥ್ಯದ ವೈದ್ಯರ ತಂಡ ಸಾಲಿಗೆ ಬರುತ್ತದೆ. ತೂಕ, ಎತ್ತರ, ಹಲ್ಲು, ಕಣ್ಣು ನೋಡುತ್ತದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸುವವಳೇ ನಾನು. ‘ಈ ಮಗು ಮಾತು ಬಿಟ್ಟೈತಿ, ಸ್ವಲ್ಪ ನೋಡ್ರಿ’ ಅಂತ ಒಂದು ಹೆಸರನ್ನೂ ಇವತ್ತಿನವರೆಗೆ ಹೇಳಿಲ್ಲ.

ರವಿವಾರ ತಮ್ಮನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಕೂತು ಮೆಲ್ಲಗೆ ವಿಷಯ ತೆಗೆದೆ. ಅವಳ ಕೈ ನಿಂತಿತು.

“ಯಕ್ಕಾ, ಅವನ್ನ ಧಾರವಾಡಕ್ಕ ಕರ್ಕೊಂಡ ಹೋಗಬೇಕಂತೀರೇನ್ರಿ?”

ನಮ್ಮ ಕಡೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಸಣ್ಣವರಿದ್ದಾಗ ಜಗಳಕ್ಕೆ ಬಿದ್ದರೆ ‘ಇವನ್ನ ಧಾರವಾಡಕ್ಕ ಕಳಸ್ರಿ’ ಅಂತ ನಾವೂ ಅಂದವರೇ. ಬ್ರಿಟಿಷರ ಕಾಲದ ಆ ಹುಚ್ಚಾಸ್ಪತ್ರೆ ಈಗ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಆಗಿದೆ, ಮನೋವೈದ್ಯರು ಅಲ್ಲಿಯೇ ಓದಿ ಹೊರಬರುತ್ತಾರೆ. ಬೈಗುಳ ಮಾತ್ರ ಬೈಗುಳವಾಗಿಯೇ ಉಳಿದಿದೆ.

“ಧಾರವಾಡಕ್ಕಲ್ಲವಾ, ಇಲ್ಲೇ. ನಮ್ಮ ಜಿಲ್ಲಾ ದವಾಖಾನ್ಯಾಗ ಮನಸ್ಸಿನ ಡಾಕ್ಟರ್ ಅದಾರ.”

“ಹುಡುಗನ್ನ ಅಲ್ಲೇ ಇಟಗೊಂಡ್ರ?”

“ಮಾತಾಡಿಸಿ ಕಳಸ್ತಾರ. ಇಟಗೊಳ್ಳೋ ಪ್ರಸಂಗ ಬಂದ್ರೂ ಮನಿಯವರೊಬ್ರು ಪೂರಾ ಹೊತ್ತು ಜೊತಿಗೇ ಇರಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೇದಾಗ ಹಂಗ ಬರದಾರ. ದೊಡ್ಡ ರೋಗಿಗಳ ನಡುವ ಮಕ್ಕಳನ್ನ ಇಡೂಹಂಗೂ ಇಲ್ಲ.”

ಕಾಯ್ದೆಯ ಮಾತು ಅವಳ ತಲೆಗೆ ಹೋದಂತೆ ಕಾಣಲಿಲ್ಲ. “ಓಣ್ಯಾಗ ಗೊತ್ತಾದ್ರ? ನಾಳೆ ಇವನ ತಂಗಿ ಲಗ್ನದಾಗ ಯಾರರ ಎತ್ತಿ ಆಡಿದ್ರ?” ಅಂದಳು. ತಂಗಿಗೆ ಈಗ ಆರು ವರ್ಷ, ಹೊರಗೆ ಕುಂಟಾಬಿಲ್ಲೆ ಆಡುತ್ತಿತ್ತು.

ಆಮೇಲೆ ಅವಳೇ, ನನ್ನ ಮುಖ ನೋಡದೆ, “ನಂದೇ ತಪ್ಪು ಅಂತಾರ್ರಿ ಯಕ್ಕಾ ಎಲ್ಲಾರೂ. ಮೊಬೈಲ್ ಕೊಟ್ಟ ಕೆಡಿಸೀದಿ ಅಂತ ನಿಮ್ಮ ತಮ್ಮನೂ ಅಂದ” ಎಂದಳು. ಹಂಚಿನ ಮೇಲಿನ ರೊಟ್ಟಿ ಕರ್ರಗಾಗುತ್ತಿತ್ತು. ಇಬ್ಬರೂ ತೆಗೆಯಲಿಲ್ಲ.

ಅವತ್ತು ರಾತ್ರಿ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್. 2022ರ ಅಕ್ಟೋಬರ್ 10ಕ್ಕೆ ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನನ್ನ ಧ್ವನಿ ನಡುಗುತ್ತಿತ್ತು. ಆಚೆಯ ಹೆಣ್ಣುಮಗಳು ಅವಸರ ಮಾಡಲಿಲ್ಲ. ಹೊಟ್ಟೆನೋವಿನ ಬಗ್ಗೆ ಎರಡೇ ಪ್ರಶ್ನೆ. ಉಳಿದದ್ದೆಲ್ಲ ಮನೆಯ ಬಗ್ಗೆ. “ಇತ್ತೀಚೆಗೆ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರಾ? ಅಜ್ಜನ ಬಗ್ಗೆ ಅವನ ಹತ್ತಿರ ಯಾರಾದರೂ ಮಾತಾಡಿದ್ದೀರಾ? ಅವನ ತಾಯಿಗೆ ನಿದ್ದೆ ಬರುತ್ತದಾ?”

ತಾಯಿಗೆ ನಿದ್ದೆ ಬರುತ್ತದಾ. ಈ ಪ್ರಶ್ನೆಯನ್ನು ಐದು ತಿಂಗಳಲ್ಲಿ ನಾವೊಬ್ಬರೂ ಕೇಳಿರಲಿಲ್ಲ.

ಹೊಟ್ಟೆನೋವು ನಾಟಕ ಅಂತ ಅನ್ನಬೇಡಿ, ಮಗುವಿಗೆ ನಿಜವಾಗಿಯೇ ನೋಯುತ್ತದೆ ಅಂದರು. ಸಾಲಿ ಪೂರ್ತಿ ಬಿಡಿಸಿದರೆ ತಿರುಗಿ ಹೋಗುವುದು ಇನ್ನೂ ಕಷ್ಟ, ಮೊದಲು ಗೇಟಿನವರೆಗೆ, ಆಮೇಲೆ ಒಂದು ಪೀರಿಯಡ್ಡು, ಹಾಗೆ ಹೋಗಲಿ. ಅವನಾಗಿಯೇ ಏನಾದರೂ ಹೇಳಿದರೆ ಪೂರ್ತಿ ಕೇಳಿ, ಸಮಾಧಾನ ಮಾಡುವ ಗಡಿಬಿಡಿ ಬೇಡ. ಇದನ್ನು ನಾನು ಚೀಟಿಯಲ್ಲಿ ಬರೆದುಕೊಂಡೆ. ಬರೆದುಕೊಂಡೂ.

ಅದಕ್ಕೆ ಬರುತ್ತೇನೆ. ನಡುವೆ ಒಂದು ಮಾತು: ಜಿಲ್ಲಾ ಊರಿಗೆ ಬರಲಾಗದವರಿಗೆ ಮನೋಚೈತನ್ಯ ಅಂತ ಇದೆ. ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡು. ನಮ್ಮ ಸಾಲಿಯಲ್ಲಿ ಬೀಳಗಿ ಕಡೆಯ ಹುಡುಗಿಯೊಬ್ಬಳು ಕೂದಲು ಕಿತ್ತುಕೊಳ್ಳುತ್ತಾಳೆ. ಅವಳ ಅವ್ವನಿಗೆ ಹೇಳಬೇಕು. ಇದೇ ವಾರ.

ಅಪ್ಪನೂ ಹೀಗೇ ಒಮ್ಮೆ ಸುಮ್ಮನಾಗಿದ್ದರು. ಹಳೇ ಊರಿನ ಮನೆ ಮುಳುಗಡೆಯಲ್ಲಿ ಹೋದ ವರ್ಷ. ಆಲಮಟ್ಟಿ ತುಂಬಿ ಘಟಪ್ರಭೆಯ ಹಿನ್ನೀರು ಏರಿದಾಗ ಸಂಜೆ ಹೋಗಿ ನೀರು ನೋಡುತ್ತ ಕೂರುತ್ತಿದ್ದರು. ಪರಿಹಾರದ ಹಣ ಎಷ್ಟು ಬಂತು, ಸೆಕ್ಟರ್ ಯಾವುದು, ಪ್ಲಾಟ್ ಎಷ್ಟು ಅಗಲ, ಎಲ್ಲ ಮಾತಾಡಿದೆವು. ಅವರಿಗೇನಾಗಿದೆ ಅಂತ ಕೇಳಲಿಲ್ಲ. ಅವ್ವ ‘ನಿಮ್ಮಪ್ಪ ತಣ್ಣಗಾಗ್ಯಾನ’ ಅಂದಳು, ಅಲ್ಲಿಗೆ ಮುಗಿಯಿತು.

ಇವತ್ತು ಪುಟ್ಯಾ ಎರಡನೇ ಪೀರಿಯಡ್‌ವರೆಗೆ ಕ್ಲಾಸಿನಲ್ಲಿ ಕೂತಿದ್ದ! ನಿನ್ನೆ ಗೇಟು ದಾಟಿರಲಿಲ್ಲ. ಕೇಳಿ ಎಷ್ಟು ಖುಷಿಯಾಯಿತೆಂದರೆ ಸಂಜೆ ಗಿರಣಿಗೆ ಜೋಳ ಬೀಸಲು ಹೋಗುವಾಗ ಅವನನ್ನೂ ಸ್ಕೂಟಿ ಮೇಲೆ ಕರೆದುಕೊಂಡು ಹೋದೆ. ತಿರುಗಿ ಬರುವಾಗ ಮೋಡ ಕಟ್ಟಿತ್ತು. ಬಿಸಿ ಹಿಟ್ಟಿನ ಡಬ್ಬಿ ನಮ್ಮಿಬ್ಬರ ನಡುವೆ. ಔಷಧ ಅಂಗಡಿಯೊಂದನ್ನು ದಾಟಿದೆವು.

“ಅತ್ತಿ, ಬಿಪಿ ಗುಳಿಗಿ ಒಂದ ದಿನಾ ತಗೊಳ್ಳಿಲ್ಲಂದ್ರ ಮನಶ್ಯಾ ಸಾಯ್ತಾನೇನು?”

ಯಾಕಪ್ಪಾ ಅಂದೆ.

“ಅವತ್ತ ನಾ ಕೊಟ್ಟಿದ್ದಿಲ್ಲ. ಬಣ್ಣಾ ಆಡಾಕ ಓಡಿದ್ನಿ.”

ಅಪ್ಪನಿಗೆ ಗುಳಿಗೆ ಕೊಡುವುದು ಅವನ ಕೆಲಸವಾಗಿತ್ತು. ಅಜ್ಜನೇ ಒಪ್ಪಿಸಿದ ಕೆಲಸ. ದಿನಾ ಬೆಳಗ್ಗೆ, ಎಂಟಕ್ಕೆ.

ನನ್ನ ಬಾಯಿಂದ ಥಟ್ಟನೆ ಬಂದದ್ದು, “ಏ ಹುಚ್ಚಪ್ಪಾ, ಹಂಗೆಲ್ಲಾ ಇರೂದಿಲ್ಲೋ, ಅಜ್ಜಗ ಮೊದಲೇ ಹಾರ್ಟ್ ತ್ರಾಸು ಇತ್ತು.” ಹೇಳಿದ್ದು ಖರೆಯೇ. ಆದರೆ ಅವನು ಇನ್ನೂ ಹೇಳುವುದಿತ್ತು, ನಾನು ಮುಚ್ಚಿಬಿಟ್ಟೆ. ಮತ್ತೆ ಆ ಶಬ್ದ, ಹುಚ್ಚಪ್ಪಾ, ಎಷ್ಟು ಸಲೀಸಾಗಿ ಬಂತು. ಚೀಟಿ ಪರ್ಸಿನಲ್ಲೇ ಇತ್ತು.

ಗಾಡಿ ನಿಲ್ಲಿಸಿದೆ. ಅವನು ಡಬ್ಬಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದ. “ಹೇಳಪಾ, ನಾ ಕೇಳ್ತೀನಿ” ಅಂದೆ. ಬಹಳ ಹೊತ್ತು ಏನೂ ಇಲ್ಲ. ಹನಿ ಶುರುವಾದವು. ಕೊನೆಗೆ ಎರಡೇ ಮಾತು.

“ಡಾಕ್ಟರ್ ಸೂಜಿ ಮಾಡ್ತಾರೇನು?”

ಇಲ್ಲ, ಬರೀ ಮಾತಾಡ್ತಾರ ಅಂದೆ.

“ಅವ್ವಗ ಹೇಳಬ್ಯಾಡ ಅತ್ತಿ.”

ಹೂಂ ಅಂದುಬಿಟ್ಟೆ. ಮಳೆಯಲ್ಲೇ ಮನೆಗೆ ಬಂದೆವು. ಅವಳು ಟವೆಲ್ ತಂದು ಅವನ ತಲೆ ಒರೆಸುತ್ತ, “ಏನ್ ಮಾತಾಡಿದ್ರಿ ಅತ್ತಿ ಅಳಿಯಾ?” ಅಂತ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಳು. ಮೊಬೈಲ್ ಕೊಟ್ಟು ಮಗನನ್ನು ಕೆಡಿಸಿದೆ ಎಂದು ಇವತ್ತಿಗೂ ನಂಬಿಕೊಂಡಿರುವ ಹೆಣ್ಣುಮಗಳು. ನನಗೆ ಗೊತ್ತಿರುವುದು ಅವಳಿಗೆ ಗೊತ್ತಾದರೆ ಇವತ್ತು ರಾತ್ರಿಯಾದರೂ ಮಲಗಿಯಾಳು. ಅವನಿಗೆ ಹೂಂ ಅಂದಿದ್ದೇನೆ.

ನಾಳೆ ಡಾಕ್ಟರ ಮುಂದೆ ನಾವು ಮೂವರೂ ಕೂತಿರುತ್ತೇವೆ. ಅವನೇ ಹೇಳಲಿ ಅಂತ ಕಾಯಲೇ, ಇಲ್ಲಾ ಡಾಕ್ಟರರೊಬ್ಬರಿಗೇ ಮೊದಲು ಹೊರಗೆ ಕರೆದು