ಟ್ರೇಲರ್ ಕಮಾನು ಬದಲಿಸಿದ ದಿನ

14 ಅಕ್ಟೋಬರ್ 2023, ಶನಿವಾರ

ಟ್ರೇಲರಿನ ನಾಲ್ಕೂ ಕಮಾನು (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ, ಭಾರ ಹೊರುವ ಬಾಗಿದ ಸ್ಪ್ರಿಂಗ್) ಬಿಚ್ಚಿ ಹೊಸದು ಹಾಕಿ ಆಯಿತು. ಸೊಂಟ ನೋಯುತ್ತಿದೆ, ಆದರೂ ನೆನಪು ಹಸಿ ಇರುವಾಗಲೇ ಬರೆದಿಡುತ್ತೇನೆ.

ಅನುಮಾನ ಬಂದದ್ದು ಟೈರಿನಿಂದ. ನಮ್ಮದು ಗಾಡಿಯ ಹಿಂದೆ ಕಟ್ಟಿ ಎಳೆಯುವ ಮನೆಯಂಥ ಟ್ರೇಲರ್, ಎರಡು ಆಕ್ಸಲ್ (ಎಡಬಲ ಚಕ್ರಗಳನ್ನು ಸೇರಿಸುವ ಅಡ್ಡ ಕೊಳವೆ) ಇರುವಂಥದ್ದು. ಎಡಗಡೆ ಮುಂದಿನ ಟೈರಿಗೂ ಹಿಂದಿನ ಟೈರಿಗೂ ನಡುವಿನ ಸಂದು ಬಲಗಡೆಗಿಂತ ಕಡಿಮೆ ಕಾಣುತ್ತಿತ್ತು. ಟೇಪ್ ಹಿಡಿದರೆ ಹೌದು, ನಿಜಕ್ಕೂ ಕಡಿಮೆ. ಇದಕ್ಕೆ ಕಾರಣ ಸುಲಭ. ಮುಂದಿನ ಕಮಾನಿನ ಮುಂತುದಿ ಫ್ರೇಮಿಗೆ ವೆಲ್ಡ್ ಮಾಡಿರುವ ಕೊಂಡಿ, ಅಂದರೆ ಹ್ಯಾಂಗರ್‌ಗೆ ಬೋಲ್ಟ್ ಆಗಿರುತ್ತದೆ, ಹಿಂದಿನ ಕಮಾನಿನ ಹಿಂತುದಿಯೂ ಹಾಗೇ. ಒಳಗಿನ ಎರಡು ತುದಿಗಳು ಶಾಕಲ್ ಪಟ್ಟಿಗಳ (ಅಲ್ಲಾಡುವ ಚಿಕ್ಕ ಜೋಡಣೆ ಪಟ್ಟಿಗಳು) ಮೂಲಕ, ಎರಡೂ ಆಕ್ಸಲ್ ನಡುವೆ ಭಾರ ಹಂಚುವ ಈಕ್ವಲೈಸರ್‌ಗೆ ನೇತುಬಿದ್ದಿರುತ್ತವೆ. ಕಮಾನು ಸೋತು ಚಪ್ಪಟೆಯಾದಷ್ಟೂ ಉದ್ದವಾಗುತ್ತದೆ ಅಲ್ವಾ? ಹೊರತುದಿ ಅಲುಗುವಂತಿಲ್ಲ. ಹಾಗಾಗಿ ಮುಂದಿನ ಆಕ್ಸಲ್ ಹಿಂದಕ್ಕೂ, ಹಿಂದಿನದು ಮುಂದಕ್ಕೂ ಸರಿಯುತ್ತದೆ. ಎರಡು ಕಡೆಯೂ ಒಂದೇ ಸಮ ಸೋತರೆ ಗಾಲಿಗಳು ಹತ್ತಿರ ಬರುತ್ತವೆ, ಅಷ್ಟೇ. ಒಂದೇ ಕಡೆ ಸೋತರೆ ಆಕ್ಸಲ್ ಓರೆಯಾಗಿ ಟೈರ್ ಉಜ್ಜಿಕೊಂಡು ಹೋಗುತ್ತದೆ.

ಎಡಗಡೆಯೇ ಯಾಕೆ ಸೋತಿತು? ಅಡುಗೆಕಟ್ಟೆ, ಫ್ರಿಜ್, ನೀರಿನ ಟ್ಯಾಂಕ್ ಎಲ್ಲಾ ಇರುವುದು ಆ ಕಡೆಗೇ. 150 ಲೀಟರ್ ನೀರು ಅಂದರೆ 150 ಕಿಲೋ. ಟ್ಯಾಂಕ್ ತುಂಬಿಸಿಕೊಂಡೇ ಓಡಾಡಿದರೆ ಆ ಪಕ್ಕದ ಕಮಾನಿಗೆ ಬಿಡುವೇ ಇಲ್ಲ.

ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಟ್ಟೆ ಕೊಟ್ಟು, ಎಳೆಯುವ ಗಾಡಿಗೆ ಕಟ್ಟಿಕೊಂಡೇ ಕೆಲಸ ಶುರು ಮಾಡಿದೆ. ಜಾಕ್ ಕೊಟ್ಟದ್ದು ಫ್ರೇಮಿಗೆ, ಆಕ್ಸಲ್ ಕೊಳವೆಗೆ ಅಲ್ಲ. ಆ ಕೊಳವೆಯನ್ನು ನಡುವೆ ಸ್ವಲ್ಪ ಮೇಲಕ್ಕೆ ಬಾಗಿಸಿಯೇ ಮಾಡಿರುತ್ತಾರೆ. ನಡುವಲ್ಲಿ ಎತ್ತಿದರೆ ಆ ಬಾಗು ಕೆಡಬಹುದು, ಆಮೇಲೆ ಚಕ್ರ ನೇರ ನಿಲ್ಲುವುದಿಲ್ಲ. ಫ್ರೇಮ್ ಕೆಳಗೆ ಸ್ಟ್ಯಾಂಡ್ ಇಟ್ಟ ಮೇಲಷ್ಟೇ ಒಳಗೆ ತೂರಿದೆ. ಜಾಕ್ ಒಂದನ್ನೇ ನಂಬಿ ಟ್ರೇಲರ್ ಕೆಳಗೆ ಹೋಗುವವರನ್ನು ನೋಡಿದರೆ ನನಗೆ ಈಗಲೂ ಕೋಪ ಬರುತ್ತದೆ.

ಕಮಾನನ್ನು ಆಕ್ಸಲ್ ಜೊತೆ ಬಿಗಿದು ಹಿಡಿಯುವ ಯು ಬೋಲ್ಟ್ ನಟ್ಟುಗಳು ತುಕ್ಕಿಗೆ ಒಂದಾಗಿಬಿಟ್ಟಿದ್ದವು. ಎಣ್ಣೆ ಬಿಟ್ಟು ಕಾದೆ, ಜಗ್ಗಲಿಲ್ಲ, ಹೆಚ್ಚಿನವನ್ನು ಗ್ರೈಂಡರ್ ಹಿಡಿದು ಕತ್ತರಿಸಿದೆ. ಹೇಗೂ ಹೊಸದೇ ಹಾಕುವುದು. ಆಕ್ಸಲ್ ಬಿಡಿಸುವ ಮೊದಲು ಅದರ ಕೆಳಗೆ ಇನ್ನೊಂದು ಜಾಕ್ ಕೊಟ್ಟು, ಬ್ರೇಕ್ ವೈರನ್ನು ಸಡಿಲವಾಗಿ ಮೇಲೆ ಕಟ್ಟಿದೆ. ಆಕ್ಸಲ್ ಕೆಳಗೆ ಜಾರಿದರೆ ವೈರ್ ಕಿತ್ತುಕೊಂಡು ಬರುತ್ತದೆ.

ಇನ್ನು ಒಳಗಿನ ಕಥೆ. ನಾನು ಬಯ್ಯುತ್ತಿದ್ದದ್ದು ಕಮಾನನ್ನು, ಆದರೆ ನಿಜವಾಗಿ ಸತ್ತಿದ್ದದ್ದು ಬುಷ್, ಅಂದರೆ ಕಮಾನಿನ ತುದಿಯ ತೂತಿನಲ್ಲಿ (ಅದನ್ನೇ ಕಣ್ಣು ಅನ್ನುವುದು) ಬೋಲ್ಟಿನ ಸುತ್ತ ಕೂರುವ ಚಿಕ್ಕ ಕೊಳವೆ. ಕಾರ್ಖಾನೆಯಿಂದ ಬಂದ ನೈಲಾನ್ ಬುಷ್ ಒಂದು ಕಡೆ ಕಾಗದದಷ್ಟು ತೆಳುವಾಗಿ ಹರಿದೇಹೋಗಿತ್ತು. ಅಲ್ಲಿಂದ ಮುಂದೆ ಬೋಲ್ಟು ಕಮಾನಿನ ಕಣ್ಣಿಗೇ ನೇರ ಉಜ್ಜಿದೆ. ಬೋಲ್ಟ್ ಹೊರಗೆ ತೆಗೆದು ಉಗುರು ಎಳೆದು ನೋಡಿದೆ, ನಡುವೆ ಮೆಟ್ಟಿಲು ಕಡಿದಂತೆ ತಗ್ಗು. ಶಾಕಲ್ ಪಟ್ಟಿಯ ದುಂಡಗಿನ ತೂತು ಕೋಳಿಮೊಟ್ಟೆಯ ಆಕಾರಕ್ಕೆ ಬಂದಿತ್ತು. ಒಂದು ಕಮಾನಿನಲ್ಲಿ ಎರಡನೇ ಪಟ್ಟಿ, ಪಟ್ಟಿಗಳನ್ನೆಲ್ಲಾ ನಡುವೆ ಒಟ್ಟಿಗೆ ಹಿಡಿದಿಡುವ ಸೆಂಟರ್ ಬೋಲ್ಟ್ ತೂತಿನ ಹತ್ತಿರ ಸೀಳಿತ್ತು. ಸೀಳಿನ ಒಳಗೆಲ್ಲಾ ತುಕ್ಕು. ಅಂದರೆ ಅದು ಮೊನ್ನೆ ಮೊನ್ನೆ ಆದದ್ದಲ್ಲ. ಹೊರಗಿನಿಂದ ಟಾರ್ಚ್ ಬಿಟ್ಟು ನೋಡಿದರೆ ಕೂದಲೆಳೆಯಷ್ಟು ಕಪ್ಪು ಗೆರೆ, ಅಷ್ಟೇ ಕಾಣುತ್ತಿತ್ತು.

ಹಾಗಾಗಿ ಕಮಾನು ಮಾತ್ರ ಬದಲಿಸಿ ಹಳೆ ಬೋಲ್ಟ್, ಹಳೆ ಶಾಕಲ್ ಹಾಗೇ ಬಿಡುವುದು ನನ್ನ ಮಟ್ಟಿಗೆ ಅರ್ಧ ಕೆಲಸ. ಈ ಸಲ ಕಂಚಿನ ಬುಷ್, ಗ್ರೀಸ್ ಹೊಡೆಯುವ ನಿಪ್ಪಲ್ ಇರುವ ಬೋಲ್ಟ್, ದಪ್ಪ ಶಾಕಲ್ ಪಟ್ಟಿ ಹಾಕಿದ್ದೇನೆ. ಈ ಬೋಲ್ಟಿನಲ್ಲಿ ಗ್ರೀಸ್ ಹೊರಬರುವ ತೂತು ಭಾರ ಒತ್ತುವ ಮೇಲೆ ಕೆಳಗಿನ ಬದಿಗೆ ಬರಬಾರದು, ಪಕ್ಕಕ್ಕೆ ನೋಡುತ್ತಿರಬೇಕು. ಇಲ್ಲದಿದ್ದರೆ ತೂತು ಒತ್ತಿ ಮುಚ್ಚಿಕೊಂಡು, ಎಷ್ಟು ಪಂಪ್ ಮಾಡಿದರೂ ಗ್ರೀಸ್ ಒಳಗೆ ಹೋಗುವುದಿಲ್ಲ. ಬೋಲ್ಟ್ ತಲೆಯ ಕೆಳಗೆ ಹಲ್ಲುಗಳಿರುತ್ತವೆ, ಅವು ಶಾಕಲ್ ಪಟ್ಟಿಯನ್ನು ಕಚ್ಚಿ ಹಿಡಿಯುತ್ತವೆ. ಅದನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಬೇಕು, ಸ್ಪ್ಯಾನರ್ ಹಾಕಿ ತಿರುಗಿಸಬಾರದು. ತಿರುಗಿಸುವುದು ನಟ್ಟನ್ನು ಮಾತ್ರ, ಅದೂ ಶಾಕಲ್ ಸರಾಗವಾಗಿ ಅಲ್ಲಾಡುವಷ್ಟು ಬಿಟ್ಟು.

ಕಮಾನು ಕೊಳ್ಳುವಾಗ ಒಬ್ಬ ಗೆಳೆಯ, "ಇನ್ನೊಂದು ಪಟ್ಟಿ ಜಾಸ್ತಿ ಇರುವುದನ್ನೇ ಹಾಕಿಬಿಡಿ, ಮತ್ತೆ ಸೋಲುವುದಿಲ್ಲ" ಅಂದಿದ್ದರು. ನಾನು ಒಪ್ಪಲಿಲ್ಲ. 3500 ಪೌಂಡ್ ಆಕ್ಸಲ್‌ಗೆ ಒಂದೊಂದು ಕಡೆ 1750 ಪೌಂಡ್ ಹೊರುವ ಕಮಾನು ಎಂಬುದು ಲೆಕ್ಕ. ಕಮಾನು ದಪ್ಪ ಮಾಡಿದ ಮಾತ್ರಕ್ಕೆ ಆಕ್ಸಲ್, ಟೈರ್, ಫ್ರೇಮ್ ಗಟ್ಟಿಯಾಗುವುದಿಲ್ಲ. ಬಿರುಸಾದ ಕಮಾನು ತಾನು ನುಂಗಬೇಕಾದ ಹೊಡೆತವನ್ನು ಹಾಗೇ ಮೇಲಕ್ಕೆ ದಾಟಿಸುತ್ತದೆ. ಮೊದಲು ಕಪಾಟಿನ ಸ್ಕ್ರೂ ಕಳಚುತ್ತದೆ, ಆಮೇಲೆ ಹ್ಯಾಂಗರ್ ವೆಲ್ಡಿಂಗ್ ಬಿರುಕು ಬಿಡುತ್ತದೆ. ಅದರ ಬದಲು ನೀರು, ಸಾಮಾನು ಎಲ್ಲಾ ತುಂಬಿಸಿ ವೇ ಬ್ರಿಡ್ಜ್ ಮೇಲೆ ತೂಗಿಸಿದರೆ ಉತ್ತರ ಕೈಗೆ ಸಿಗುತ್ತದೆ. ನಮ್ಮದು ಮಿತಿಯೊಳಗೇ ಇತ್ತು. ಭಾರವಾದ ಟೂಲ್ ಬಾಕ್ಸನ್ನು ಬಲಗಡೆಗೆ ಸಾಗಿಸಿದೆ, ಅಷ್ಟು ಸಾಕು.

ಅಳತೆ ಹಿಡಿಯುವಾಗ ಕಣ್ಣಿನಿಂದ ಕಣ್ಣಿಗೆ ಉದ್ದ, ಅಗಲ, ಪಟ್ಟಿಗಳ ಸಂಖ್ಯೆ, ಬಾಗು ನಾಲ್ಕೂ ಬೇಕು. ಸೋತ ಕಮಾನನ್ನು ಅಳೆದರೆ ಉದ್ದವೂ ತಪ್ಪು, ಬಾಗೂ ತಪ್ಪು ಬರುತ್ತದೆ. ಆಕ್ಸಲ್ ಮೇಲಿನ ಚೀಟಿ ನೋಡಿಕೊಳ್ಳುವುದೇ ಮೇಲು.

ಜೋಡಿಸುವಾಗ ಎಚ್ಚರ ಬೇಕಾದದ್ದು ಒಂದೇ ಕಡೆ. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಸೀಟಿನ (ಕಮಾನು ಕೂರುವ ಜಾಗ) ತೂತಿನೊಳಗೆ ಪೂರ್ತಿ ಕೂರಬೇಕು. ಕೂರಿತೋ ಇಲ್ಲವೋ ಅಂತ ಬೆರಳು ಹಾಕಿ ನೋಡಿದೆ. ಯು ಬೋಲ್ಟಿನ ನಾಲ್ಕು ನಟ್ಟನ್ನು ಎದುರುಬದುರು ಹಿಡಿದು, ಸ್ವಲ್ಪ ಸ್ವಲ್ಪವೇ, ತಯಾರಕರು ಕೊಟ್ಟ ಬಿಗಿತದ ಅಳತೆ, ಅಂದರೆ ಟಾರ್ಕ್‌ಗೆ ತಂದೆ.

15 ಅಕ್ಟೋಬರ್ 2023, ಭಾನುವಾರ

ಖಾಲಿ ಟ್ರೇಲರ್ ಎಳೆದುಕೊಂಡು ಸುಮ್ನೆ ಒಂದು ಸುತ್ತು ಹೋಗಿ ಬಂದೆ. ಚಕ್ರದ ನಟ್ಟು ಎರಡು ಕಡೆ ಒಂದಿಷ್ಟು ತಿರುಗಿದವು. ಯು ಬೋಲ್ಟ್ ನಟ್ಟುಗಳೂ ತುಸು ಬಿಗಿ ತೆಗೆದುಕೊಂಡವು. ಹೊಸ ಕಮಾನಿನ ಪಟ್ಟಿಗಳು ಒಂದರ ಮೇಲೊಂದು ಕೂರುವಾಗ ಹೀಗಾಗುವುದು ಸಹಜ. ಭಾರ ಹಾಕಿಕೊಂಡು ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು. ಈಗ ಎರಡೂ ಕಡೆ ಟೈರುಗಳ ಸಂದು ಸಮ ಇದೆ. ಅಳತೆಯನ್ನು ಫ್ರೇಮ್ ಮೇಲೆ ಬಣ್ಣದಲ್ಲಿ ಬರೆದಿದ್ದೇನೆ, ಮುಂದಿನ ಸಲ ಅಂದಾಜು ಹೊಡೆಯುವ ಕೆಲಸ ಇಲ್ಲ. ಕತ್ತರಿಸದೆ ಬಿಚ್ಚಿಕೊಂಡ ಒಂದೆರಡು ಹಳೆ ಯು ಬೋಲ್ಟ್ ಉಳಿದಿದ್ದವು, ಅವನ್ನೂ ಗುಜರಿಗೆ ಹಾಕಿದೆ. ನೋಡಲು ಚೆನ್ನಾಗೇ ಇರುತ್ತವೆ, ಆದರೆ ಒಮ್ಮೆ ಬಿಗಿದು ಹಿಗ್ಗಿದ ಯು ಬೋಲ್ಟನ್ನು ಮತ್ತೆ ಹಾಕಿದರೆ ಮೊದಲಿನ ಹಿಡಿತ ಸಿಗುವುದಿಲ್ಲ.