ಬ್ಲೇನಿ ಮನೆಯ ಪಕ್ಷ

ಡೊನೆಗಾಲ್‌ಗೆ ನಾವು ಹೋಗಿದ್ದು ಸಮುದ್ರ ನೋಡೋಕೆ. ಐರ್ಲೆಂಡಿನ ವಾಯವ್ಯ ಮೂಲೆ ಅದು. ಮಲ್ರಾಯ್ ಕೊಲ್ಲಿಯ ಮೇಲೆ ಒಂದು ಸೇತುವೆ ಇದೆ, ದಾಟಿದರೆ ಫಾನಡ್ ಅನ್ನೋ ಪರ್ಯಾಯ ದ್ವೀಪ. ಸೇತುವೆಗೆ ಹ್ಯಾರಿ ಬ್ಲೇನಿ ಹೆಸರು. ಯಾರಿವರು ಅಂತ ರಾತ್ರಿ ಉಳಿದ ಮನೆಯ ಯಜಮಾನರನ್ನು ಕೇಳಿದೆ. "ಮೊದಲು ಅವರ ಅಣ್ಣ ನೀಲ್ ಕಥೆ ಕೇಳಿ" ಅಂದರು. ಮಲಗುವಾಗ ಹನ್ನೆರಡು ದಾಟಿತ್ತು.

ನೀಲ್ ಬ್ಲೇನಿ ಪಾರ್ಲಿಮೆಂಟಿನಲ್ಲಿ ಅಪ್ಪನ ಸೀಟಿಗೆ 1948ರಲ್ಲಿ ಗೆದ್ದು ಬಂದವರು. ಪಕ್ಷ ಐರ್ಲೆಂಡಿನ ದೊಡ್ಡ ಪಕ್ಷಗಳಲ್ಲೊಂದಾದ ಫಿಯಾನಾ ಫಾಯ್ಲ್. ಚುನಾವಣೆ ನಡೆಸೋದರಲ್ಲಿ ಎಂಥ ಪಳಗಿದ ಕೈ ಅಂದರೆ ಅವರ ಹುಡುಗರ ದಂಡಿಗೆ 'ಡೊನೆಗಾಲ್ ಮಾಫಿಯಾ' ಅಂತಲೇ ಹೆಸರು. 1969ರ ಆಗಸ್ಟ್‌ನಲ್ಲಿ ಗಡಿಯಾಚೆ, ಬ್ರಿಟನ್ ಕೈಯಲ್ಲಿರೋ ಉತ್ತರ ಐರ್ಲೆಂಡಿನ ಡೆರಿಯಲ್ಲಿ ಗಲಭೆಯ ಬೆಂಕಿ ಹತ್ತಿಕೊಂಡಾಗ ಅವರು ಕೃಷಿ ಮಂತ್ರಿ. ಡೊನೆಗಾಲ್‌ನವರಿಗೆ ಡೆರಿ ಅಂದರೆ ಪಕ್ಕದೂರು. ಅಲ್ಲಿನ ಕ್ಯಾಥೊಲಿಕರಿಗೆ ಗುಟ್ಟಾಗಿ ಬಂದೂಕು ತರಿಸೋ ಸಂಚು ನಡೆದಿದೆ ಅಂತ ಆರೋಪ ಬಂತು. 1970ರ ಮೇನಲ್ಲಿ ಪ್ರಧಾನಿ ಜ್ಯಾಕ್ ಲಿಂಚ್ ಇವರನ್ನೂ ಹಣಕಾಸು ಮಂತ್ರಿ ಚಾರ್ಲ್ಸ್ ಹಾಹಿಯವರನ್ನೂ ಸಂಪುಟದಿಂದ ಕಿತ್ತುಹಾಕಿದರು. ನೀಲ್ ಮೇಲಿನ ಕೇಸು ಜುಲೈನಲ್ಲೇ ಬಿದ್ದುಹೋಯಿತು. ಆದರೂ ಪಕ್ಷ ಆಮೇಲೆ ಅವರನ್ನು ಹೊರಗೆ ಹಾಕಿತು.

ಯಜಮಾನರ ದನಿ ಏರಿದ್ದು ಇಲ್ಲಿ. "ಪಕ್ಷ ಬಿಟ್ಟಿದ್ದು ನಾವಲ್ಲ, ಡಬ್ಲಿನ್‌ನವರು!" ಅದಕ್ಕೇ ಹೊಸ ಹೆಸರು ಹುಡುಕಲಿಲ್ಲ. ಹಳೆಯದರ ಮೊದಲಿಗೇ 'ಇಂಡಿಪೆಂಡೆಂಟ್' ಅಂತ ಸೇರಿಸಿ 'ಇಂಡಿಪೆಂಡೆಂಟ್ ಫಿಯಾನಾ ಫಾಯ್ಲ್' ಅಂತ ಮಾಡಿಕೊಂಡರು. 1976ರ ಉಪಚುನಾವಣೆಯಲ್ಲಿ ಇವರ ಪ್ಯಾಡಿ ಕೀವ್ನಿ ಗೆದ್ದರು, ಮರುವರ್ಷವೇ ಸೋತರು. 1979ರಲ್ಲಿ ನೀಲ್ ಯುರೋಪಿಯನ್ ಪಾರ್ಲಿಮೆಂಟಿಗೂ ಆರಿಸಿ ಹೋದರು. ಜಿಲ್ಲೆಯ ಆಚೆಗೆ ಓಟು ತಂದಿದ್ದು ಅವರೊಬ್ಬರೇ ಅಂತ ಕಾಣುತ್ತೆ. ನನಗೇನೋ ಇದು ಪಕ್ಷಕ್ಕಿಂತ ಜಾಸ್ತಿ ಒಂದು ಮನೆತನ ಅನ್ನಿಸಿತು. ಸುಮ್ನೆ ಬಾಯಿ ಮುಚ್ಚಿಕೊಂಡು ಕೇಳಿದೆ.

1995ರಲ್ಲಿ ನೀಲ್ ತೀರಿಕೊಂಡರು. ಮರುವರ್ಷದ ಉಪಚುನಾವಣೆಗೆ ತಮ್ಮ ಹ್ಯಾರಿ ನಿಂತರು. ಸೋಲಿಸಿದ್ದು ಯಾರು ಗೊತ್ತಾ? ಅದೇ ಪ್ಯಾಡಿಯವರ ಮಗಳು ಸಿಸಿಲಿಯಾ, ಅದೂ ಫಿಯಾನಾ ಫಾಯ್ಲ್ ಟಿಕೆಟ್‌ನಲ್ಲಿ! ಯಜಮಾನರು ಇದನ್ನು ಹೇಳುವಾಗ ನಕ್ಕರು, ಆದರೆ ಹೊಟ್ಟೆಯುರಿ ಇನ್ನೂ ಆರಿರಲಿಲ್ಲ. 1997ರಲ್ಲಿ ಹ್ಯಾರಿ ಗೆದ್ದರು. ಫಿಯಾನಾ ಫಾಯ್ಲ್‌ನ ಪ್ರಧಾನಿ ಬರ್ಟಿ ಅಹರ್ನ್ ಸರ್ಕಾರಕ್ಕೆ ಬಹುಮತ ಇರಲಿಲ್ಲ, ಹ್ಯಾರಿಯಂಥವರ ಬೆಂಬಲ ಬೇಕಿತ್ತು. ಸೇತುವೆಗೆ ಅವರು ಪಟ್ಟು ಹಿಡಿದಿದ್ದು ಆಗ ಅಂತ ಊರವರ ಮಾತು. ಒಂದೇ ಸೀಟಿಗೆ ಅಷ್ಟು ಬೆಲೆ ಸಿಗೋದು ಅಪರೂಪ, ಅಲ್ವಾ?

2002ರಲ್ಲಿ ಹ್ಯಾರಿ ಮಗ ನಾಯಲ್ ಗೆದ್ದರು. 2006ರಲ್ಲಿ ಅವರೇ ಹಳೆಯ ಫಿಯಾನಾ ಫಾಯ್ಲ್‌ಗೆ ವಾಪಸ್ ಹೋದರು. ಸೇತುವೆ ತೆರೆದಿದ್ದು 2009ರಲ್ಲಿ, ಅಷ್ಟರಲ್ಲಿ ಬ್ಲೇನಿಗಳ ಪಕ್ಷ ಇರಲಿಲ್ಲ. ಹಾಗೆ ವಾಪಸ್ ಹೋಗಿದ್ದನ್ನು ಎಲ್ಲರೂ ಏನೂ ಒಪ್ಪಲಿಲ್ಲ. ಮೂವತ್ತೈದು ವರ್ಷ ಮನೆ ಮನೆ ತಿರುಗಿ ಓಟು ಕೇಳಿದವರಿಗೆ ಡಬ್ಲಿನ್‌ನವರ ಕೈ ಕುಲುಕೋದು ಸುಲಭವೇ?

2007ರ ಚುನಾವಣೆಯಲ್ಲಿ ನಾಯಲ್ ಫಿಯಾನಾ ಫಾಯ್ಲ್‌ನಿಂದಲೇ ನಿಂತು ಗೆದ್ದರು. ನಮ್ಮ ಯಜಮಾನರು ಆ ಸಲ ಮತಗಟ್ಟೆಗೇ ಹೋಗಲಿಲ್ಲವಂತೆ. ಅವರ ಹೆಂಡತಿ ಹೋಗಿ ನಾಯಲ್‌ಗೇ ಹಾಕಿ ಬಂದರಂತೆ. "ಬ್ಲೇನಿ ಅಲ್ವಾ, ಇನ್ಯಾರಿಗೆ ಹಾಕ್ಲಿ?" ಅಂತ ಒಳಗಿನಿಂದ ಕೂಗಿದರು.