ಸಿಮೆಂಟ್ ಚೀಲದ ಮೇಲೆ ಎರಡು ಊರು

ಭಾನುವಾರ, 9 ಫೆಬ್ರವರಿ 2025

ಮಹಡಿ ಕೆಲಸಕ್ಕೆ ಸಿಮೆಂಟ್ ಬಂದಿದೆ. ಚೀಲದ ಮೇಲೆ ಪೋರ್ಟ್‌ಲ್ಯಾಂಡ್ ಪೊಝೊಲಾನ ಸಿಮೆಂಟ್ ಎಂದು ಅಚ್ಚಾಗಿದೆ. ಮೇಸ್ತ್ರಿಗಳಿಗೆ ಅದು ಪಿಪಿಸಿ, ಅಷ್ಟೇ. ಈ ಹೆಸರಿನ ಒಳಗೆ ಎರಡು ಊರುಗಳಿವೆ.

ಪೋರ್ಟ್‌ಲ್ಯಾಂಡ್ ಕಥೆ ಚಿಕ್ಕದು. 1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ಇಂಗ್ಲೆಂಡಿನಲ್ಲಿ ತನ್ನ ಸಿಮೆಂಟಿಗೆ ಪೇಟೆಂಟ್ ಪಡೆದ. ಅದು ಅಲ್ಲಿನ ಪೋರ್ಟ್‌ಲ್ಯಾಂಡ್ ಕಲ್ಲಿನಂತೆ ಕಾಣುತ್ತದೆ ಎಂದು ಆ ಹೆಸರಿಟ್ಟ.

ಇನ್ನೊಂದು ಊರು ಬಹಳ ಹಳೆಯದು. ಇಟಲಿಯ ನೇಪಲ್ಸ್ ಕೊಲ್ಲಿಯ ದಡದಲ್ಲಿರುವ ಪೊಟ್ಸುವೊಲಿ. ಮೊದಲು ಅದು ಗ್ರೀಕರ ಡಿಕೇಆರ್ಕಿಯಾ. ಕ್ರಿ.ಪೂ. 194ರಲ್ಲಿ ರೋಮನ್ನರು ಅಲ್ಲಿ ನೆಲೆಯೂರಿದರು. ಲ್ಯಾಟಿನ್‌ನಲ್ಲಿ ಊರಿನ ಹೆಸರು ಪುತೆಯೊಲಿ. ಪುತೆಯುಸ್ ಎಂದರೆ ಬಾವಿ, ಪುತೆಯೊಲಿ ಎಂದರೆ ಸಣ್ಣ ಬಾವಿಗಳು. ಆದರೆ ನೆಲದಿಂದ ಗಂಧಕದ ಹೊಗೆ ಏಳುವ ಜಾಗ ಅದು. ಹಾಗಾಗಿ 'ನಾರುವುದು' ಎಂಬ ಅರ್ಥದ ಪುತೆರೆಯಿಂದ ಹೆಸರು ಬಂತು ಎನ್ನುವವರೂ ಇದ್ದರು. ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಆಗಲೇ ಎರಡೂ ಮಾತನ್ನು ಬರೆದಿಟ್ಟಿದ್ದಾನೆ. ನನ್ನ ಮನಸ್ಸು ಬಾವಿಯ ಕಡೆಗೇ ವಾಲುತ್ತದೆ. ಇಟಾಲಿಯನ್‌ನಲ್ಲಿ ಬಾವಿಗೆ ಇಂದಿಗೂ ಪೊಟ್ಸೊ ಎನ್ನುತ್ತಾರೆ. ಪುತೆಯುಸ್ ಪೊಟ್ಸೊ ಆದ ದಾರಿಯಲ್ಲೇ ಪುತೆಯೊಲಿ ಪೊಟ್ಸುವೊಲಿ ಆಗಿದೆ. ಲ್ಯಾಟಿನ್‌ನ ಪ್ಲಾತೆಯಾ ಪಿಯಾಟ್ಸಾ ಆಗಿದ್ದೂ ಹೀಗೇ.

ಅಲ್ಲಿನ ಜ್ವಾಲಾಮುಖಿ ಬೂದಿಗೆ ರೋಮನ್ನರು 'ಪುತೆಯೊಲಿಯ ಪುಡಿ' ಎನ್ನುತ್ತಿದ್ದರು. ಬರುಬರುತ್ತಾ ಪುಡಿ ಬಿಟ್ಟುಹೋಗಿ ಊರಷ್ಟೇ ಉಳಿಯಿತು: ಪೊಟ್ಸೊಲಾನ, ಅದೇ ನಮ್ಮ ಚೀಲದ ಪೊಝೊಲಾನ. ನಾವು ಸೀರೆ ಎನ್ನದೆ 'ಇಳಕಲ್ ಉಟ್ಟಳು' ಅಂತೀವಲ್ಲ, ಹಾಗೆ.

ಆ ಪುಡಿಗೆ ಇಷ್ಟು ಹೆಸರು ಬರಲು ಕಾರಣವಿದೆ. ಬರೀ ಸುಣ್ಣದ ಗಾರೆ ಗಟ್ಟಿಯಾಗಲು ಗಾಳಿ ಬೇಕು, ನೀರೊಳಗೆ ಅದು ಕೂರುವುದಿಲ್ಲ. ಈ ಬೂದಿಯಲ್ಲಿರುವ ಸಿಲಿಕಾ, ಅಲ್ಯೂಮಿನಾ ನೀರಿನ ಜೊತೆ ಸುಣ್ಣಕ್ಕೆ ಅಂಟಿ, ಸಮುದ್ರದ ಒಳಗೂ ಕಲ್ಲಾಗುತ್ತವೆ. ಬಂದರು ಕಟ್ಟುವಾಗ ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಪುಡಿ ಹಾಕಿ ಎನ್ನುತ್ತಾನೆ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್. ಹೆರೋದ್ ರಾಜ ಈಗಿನ ಇಸ್ರೇಲ್ ತೀರದಲ್ಲಿ ಸಿಸೇರಿಯಾ ಬಂದರು ಕಟ್ಟಿಸಿದಾಗ ಈ ಬೂದಿ ನೇಪಲ್ಸ್ ಕೊಲ್ಲಿಯಿಂದಲೇ ಹಡಗಿನಲ್ಲಿ ಹೋಯಿತು. ಅಷ್ಟು ದೂರಕ್ಕೆ ಬೂದಿ ಹೊತ್ತ ಹಡಗು! ನೆನೆದರೆ ಮೈ ಜುಮ್ಮೆನ್ನುತ್ತದೆ.

ಈಗ ಪೊಝೊಲಾನ ಊರಿನ ಮಣ್ಣಿನ ಹೆಸರಾಗಿ ಉಳಿದಿಲ್ಲ, ಒಂದು ಗುಣದ ಹೆಸರಾಗಿದೆ. ಸುಣ್ಣದ ಜೊತೆ ಹೀಗೆ ವರ್ತಿಸುವ ಯಾವ ಪುಡಿಯೂ ಪೊಝೊಲಾನವೇ. ನಮ್ಮ ಪಿಪಿಸಿಗೆ ಪೊಝೊಲಾನವಾಗಿ ಸಾಮಾನ್ಯವಾಗಿ ಬೆರೆಸುವುದು ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಗಳ ಹಾರುಬೂದಿ. ಸುಟ್ಟ ಇಟ್ಟಿಗೆಯ ಪುಡಿಯೂ ಇದೇ ಜಾತಿ. ಒಳ್ಳೆಯ ಮರಳು ಸಿಗದ ಕಡೆ ಅದನ್ನು ಬೆರೆಸಿ ಎಂದು ವಿಟ್ರೂವಿಯಸ್ ಆಗಲೇ ಬರೆದಿದ್ದ. ನಾವದನ್ನು ಸುರ್ಕಿ ಎನ್ನುತ್ತೇವೆ. ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಆ ಸುರ್ಕಿ ಗಾರೆಯೇ.